ಮೋಟರ್‌ಹೋಮಿನಲ್ಲಿ ಸ್ಟಾಕ್‌ಹೋಮ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಹ್ಯಾಂಬರ್ಗ್‌ನಲ್ಲಿ ಇರುವವರು. ಎರಡು ಬೇಸಿಗೆ ಬಾಡಿಗೆ ಮೋಟರ್‌ಹೋಮ್ (ಒಳಗೇ ಮಂಚ, ಒಲೆ, ಟಾಯ್ಲೆಟ್ ಇರುವ ಗಾಡಿ) ಹಿಡಿದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗೆ ಹೋಗಿ ಬಂದೆವು. ಮೊದಲ ಸಲ ನಾವಿಬ್ಬರು ಮತ್ತು ಮಗಳು. ಎರಡನೇ ಸಲ ಊರಿಂದ ಬಂದಿದ್ದ ಅಪ್ಪ-ಅಮ್ಮನೂ ಜೊತೆಗಿದ್ದರು. ಆಮೇಲಿಂದ ಇಲ್ಲಿನ ಕನ್ನಡದವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅವೇ ಪ್ರಶ್ನೆಗಳು. ಪ್ರತಿ ಸಲ ಮೊದಲಿಂದ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಜರ್ಮನಿಯಿಂದ ಹೊರಡುವವರಿಗೆ ಇದು ನೇರವಾಗಿ ಹೊಂದುತ್ತದೆ. ಭಾರತದಿಂದ ಬಂದು ಇಲ್ಲಿ ಗಾಡಿ ಹಿಡಿಯುವವರಿಗೆ ಬೇಕಾದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಸ್ಟಾಕ್‌ಹೋಮ್ ನೋಡೋಕೆ ಮೋಟರ್‌ಹೋಮ್ ಯಾಕೆ? ವಿಮಾನದಲ್ಲಿ ಹೋಗಿ ಹೋಟೆಲ್ ಹಿಡಿದರೆ ಆಗಲ್ವಾ?

ಮೂರು-ನಾಲ್ಕು ದಿನ ಊರು ನೋಡೋದಷ್ಟೇ ಆದರೆ ವಿಮಾನವೇ ಸರಿ. ದುಡ್ಡೂ ಕಡಿಮೆ, ಸುಸ್ತೂ ಕಡಿಮೆ. ಸ್ಟಾಕ್‌ಹೋಮ್ 14 ದ್ವೀಪಗಳ ಮೇಲೆ ಹರಡಿರುವ ಊರು. ನಡುವೆ ನೀರು, ಸೇತುವೆ, ಹಳೇ ಕಾಲದ ಕಿರಿದಾದ ಬೀದಿ. ಏಳು ಮೀಟರ್ ಉದ್ದದ ಗಾಡಿಗೆ ಅಲ್ಲೇನೂ ಕೆಲಸವಿಲ್ಲ. ನಾವು ಎರಡೂ ಸಲ ಗಾಡಿಯನ್ನು ಊರಾಚೆ ನಿಲ್ಲಿಸಿ ಮೆಟ್ರೋದಲ್ಲೇ ಓಡಾಡಿದ್ದು.

ಹಾಗಾದರೆ ಯಾಕೆ ಅಂದರೆ, ದಾರಿಗೋಸ್ಕರ. ದಕ್ಷಿಣ ಸ್ವೀಡನ್ನಿನ ಕಾಡು, ಕೆರೆ, ರಾತ್ರಿ ಹತ್ತಾದರೂ ಮುಳುಗದ ಬಿಸಿಲು, ಬೇಕಾದಾಗ ನಿಲ್ಲಿಸಿ ಕಾಫಿ ಮಾಡಿಕೊಳ್ಳುವ ಸುಖ. ಇದು ಬೇಕು ಅನ್ನಿಸಿದರೆ ಮುಂದೆ ಓದಿ.

ಎಷ್ಟು ದಿನ ಬೇಕು?

ಎರಡು ವಾರ. ಹತ್ತು ದಿನದಲ್ಲಿ ಆಗಲ್ಲ ಅಂತಲ್ಲ, ಆದರೆ ಬರೀ ಓಡಿಸಿದ್ದೇ ಆಗುತ್ತದೆ. ಹ್ಯಾಂಬರ್ಗ್‌ನಿಂದ ಸ್ಟಾಕ್‌ಹೋಮ್‌ಗೆ ಒಂದು ಕಡೆಗೆ ಸುಮಾರು ಸಾವಿರ ಕಿಲೋಮೀಟರ್. ಕಾರಿನಲ್ಲಾದರೆ ಒಂದೂವರೆ ದಿನ. ಮೋಟರ್‌ಹೋಮಿನಲ್ಲಿ ದಿನಕ್ಕೆ 300 ಕಿಲೋಮೀಟರ್ ದಾಟಬೇಡಿ. ಸಂಜೆ ಜಾಗ ಹುಡುಕಬೇಕು, ವೈರು ಸಿಕ್ಕಿಸಬೇಕು, ಅಡುಗೆ ಮಾಡಬೇಕು. ಮೊದಲ ಸಲ ನಾವು ಒಂದೇ ದಿನ 550 ಓಡಿಸಿ, ರಾತ್ರಿ ಹತ್ತೂವರೆಗೆ ಚಿತ್ರಾನ್ನ ಕಲಸಿಕೊಂಡು ಯಾರೊಬ್ಬರೂ ಮಾತಾಡದೆ ತಿಂದು ಮಲಗಿದೆವು.

ಯಾವ ತಿಂಗಳು ಒಳ್ಳೇದು?

ಆಗಸ್ಟ್ 15ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಸ್ವೀಡನ್ನಿನ ಶಾಲೆಗಳು ಆಗಸ್ಟ್ ಮಧ್ಯದಿಂದ ಶುರುವಾಗುತ್ತವೆ, ಕ್ಯಾಂಪಿಂಗ್ ಜಾಗಗಳು ಖಾಲಿಯಾಗುತ್ತವೆ, ದರವೂ ಇಳಿಯುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಜರ್ಮನಿಯಲ್ಲಿ ನಿಮ್ಮ ರಾಜ್ಯದ ರಜೆ ಯಾವಾಗ ಅನ್ನೋದರ ಮೇಲೆ ನಿಂತಿರುತ್ತದೆ, ಬೇರೆ ದಾರಿಯಿಲ್ಲ.

ಜೂನ್‌ನಲ್ಲಿ ಹೋಗುವುದಾದರೆ ಮಿಡ್‌ಸಮ್ಮರ್ ಹಬ್ಬ ಯಾವತ್ತು ಅಂತ ನೋಡಿಕೊಳ್ಳಿ. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರವೇ ಹಬ್ಬದ ಮುಖ್ಯ ದಿನ. ಅವತ್ತು ಇಡೀ ದೇಶವೇ ಊರು ಬಿಟ್ಟು ಹಳ್ಳಿಗೆ ಹೊರಡುತ್ತದೆ. ದೀಪಾವಳಿ ಹಿಂದಿನ ರಾತ್ರಿ ಮೆಜೆಸ್ಟಿಕ್ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಜಾಗ ಮೊದಲೇ ಕಾದಿರಿಸದಿದ್ದರೆ ಸಿಗಲ್ಲ, ಅಂಗಡಿಗಳೂ ಬೇಗ ಮುಚ್ಚುತ್ತವೆ. ಕ್ಯಾಂಪಿಂಗಿನಲ್ಲೇ ಕಂಬ ನೆಟ್ಟು ಹೂವು ಕಟ್ಟಿ ಅದರ ಸುತ್ತ ಕುಣಿಯುವುದು ನೋಡೋಕೆ ಚೆನ್ನ. ಜೂನ್ ಕೊನೆಗೆ ಬೆಳಗ್ಗೆ ಮೂರೂವರೆಗೇ ಸೂರ್ಯ ಬರುತ್ತಾನೆ. ಕಿಟಕಿ ಪರದೆ ಪೂರ್ತಿ ಮುಚ್ಚದ ಗಾಡಿ ಸಿಕ್ಕರೆ ಮಕ್ಕಳೂ ಅದೇ ಹೊತ್ತಿಗೆ ಏಳುತ್ತಾರೆ.

ಚಳಿಗಾಲ ಬೇಡ. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮವಿದ್ದರೆ ಚಳಿಗಾಲದ ಟೈರ್ ಕಡ್ಡಾಯ, ನೀರಿನ ಪೈಪು ಹೆಪ್ಪುಗಟ್ಟುವ ತಲೆನೋವು ಬೇರೆ.

ಭಾರತದ ಲೈಸೆನ್ಸ್ ನಡೆಯುತ್ತಾ?

ಜರ್ಮನಿಯಲ್ಲಿ ವಾಸವಿದ್ದರೆ ಬಂದ ಆರು ತಿಂಗಳವರೆಗೆ ಮಾತ್ರ. ಆಮೇಲೆ ಇಲ್ಲಿನ ಲೈಸೆನ್ಸೇ ಬೇಕು. ಪ್ರವಾಸಕ್ಕೆ ಬಂದವರಾದರೆ ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು, ಮೂಲ ಲೈಸೆನ್ಸ್ ಜೊತೆಗೇ ಇಟ್ಟುಕೊಳ್ಳಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಗಾಡಿ ಕೊಡಲ್ಲ.

ಇನ್ನೊಂದು ವಿಷಯ ತೂಕದ್ದು. ಇಲ್ಲಿನ ಮಾಮೂಲಿ ಬಿ ಲೈಸೆನ್ಸಿನಲ್ಲಿ 3,500 ಕಿಲೋವರೆಗಿನ ಗಾಡಿ ಓಡಿಸಬಹುದು. ಅದು ಗಾಡಿಯ ತೂಕ ಮಾತ್ರ ಅಲ್ಲ, ಒಳಗೆ ತುಂಬಿಸಿದ ಸಾಮಾನು, ಜನ, ನೀರು ಎಲ್ಲ ಸೇರಿ. ಬಾಡಿಗೆಗೆ ಕೊಡುವವರು ಚಾಲಕನ ವಯಸ್ಸು, ಲೈಸೆನ್ಸ್ ಎಷ್ಟು ವರ್ಷ ಹಳೇದು ಅನ್ನೋದನ್ನೂ ಕೇಳುತ್ತಾರೆ. ಒಬ್ಬೊಬ್ಬರದು ಒಂದೊಂದು ನಿಯಮ, ಬುಕ್ ಮಾಡೋಕೆ ಮುಂಚೆಯೇ ಕೇಳಿ.

ಅಪ್ಪ-ಅಮ್ಮ ಊರಿಂದ ಬರುತ್ತಾರೆ. ವೀಸಾ ಯಾವ ದೇಶದ್ದು?

ಜರ್ಮನಿ, ಡೆನ್ಮಾರ್ಕ್, ಸ್ವೀಡನ್ ಮೂರೂ ಶೆಂಗನ್ ಒಳಗೇ ಇವೆ. ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತಾರೋ ಆ ದೇಶಕ್ಕೆ ಅರ್ಜಿ. ನಿಮ್ಮ ಮನೆಯಲ್ಲಿ ಎರಡು ತಿಂಗಳಿದ್ದು ಎರಡು ವಾರ ಸ್ವೀಡನ್ ಸುತ್ತಿದರೆ ಜರ್ಮನಿಗೇ ಹಾಕಿ. ಗಡಿಯಲ್ಲಿ ಒಮ್ಮೊಮ್ಮೆ ತಪಾಸಣೆ ಇರುತ್ತದೆ, ಆದ್ದರಿಂದ ಪಾಸ್‌ಪೋರ್ಟ್, ನಿಮ್ಮ ವಾಸದ ಕಾರ್ಡ್ ಕೈಗೆ ಸಿಗುವಂತಿರಲಿ. ಗಾಡಿಯ ಬೆಡ್ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟು ಸೇತುವೆ ಬಳಿ ಎಲ್ಲರನ್ನೂ ಎಬ್ಬಿಸಿ ಹುಡುಕುವ ಪರಿಸ್ಥಿತಿ ಬೇಡ.

ಊರಿಂದ ತಿಂಡಿ ತರುವವರಿಗೆ ಮೊದಲೇ ಹೇಳಿ: ಹಾಲು, ತುಪ್ಪ, ಪೇಡ, ಮಾಂಸದ ಪದಾರ್ಥ ಯುರೋಪಿನ ಒಳಗೆ ತರುವಂತಿಲ್ಲ. ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ, ಅವಲಕ್ಕಿ ಏನೂ ತೊಂದರೆಯಿಲ್ಲ.

ಎಷ್ಟು ದೊಡ್ಡ ಗಾಡಿ ತಗೋಬೇಕು?

ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಜನ ಮೊದಲು ಎಷ್ಟು ಮಂಚ ಅಂತ ನೋಡುತ್ತಾರೆ. ಎಷ್ಟು ಸೀಟ್ ಬೆಲ್ಟ್ ಅಂತ ನೋಡಿ. ಆರು ಜನ ಮಲಗಬಹುದು ಅಂತ ಬರೆದಿರುವ ಗಾಡಿಯಲ್ಲಿ ಬೆಲ್ಟ್ ಇರುವ ಸೀಟು ನಾಲ್ಕೇ ಇರುವುದುಂಟು. ಬೆಲ್ಟ್ ಇಲ್ಲದೆ ಹಿಂದಿನ ಮಂಚದಲ್ಲಿ ಕೂತು ಹೋಗುವಂತಿಲ್ಲ. ಮಗುವಿದ್ದರೆ ಸ್ವೀಡನ್, ಡೆನ್ಮಾರ್ಕ್‌ನಲ್ಲಿ 135 ಸೆಂಟಿಮೀಟರ್ ಎತ್ತರದವರೆಗೆ ಮಕ್ಕಳ ಸೀಟು ಬೇಕು. ಜರ್ಮನಿಯಲ್ಲಿ 150 ಸೆಂಟಿಮೀಟರ್ ಅಥವಾ 12 ವರ್ಷ. ಹೊರಡುವುದು ಜರ್ಮನಿಯಿಂದ ತಾನೇ, ಹಾಗಾಗಿ ಜರ್ಮನಿಯ ಲೆಕ್ಕವೇ ಹಿಡಿಯಿರಿ.

ಎರಡನೇದು ಹತ್ತಿ ಇಳಿಯುವುದು. ಚಾಲಕನ ತಲೆ ಮೇಲೆ ಮಂಚವಿರುವ ಗಾಡಿಗಳಲ್ಲಿ ಏಣಿ ಹತ್ತಬೇಕು. ಮಂಡಿ ನೋವಿರುವ ಅಮ್ಮನನ್ನು ಅಲ್ಲಿಗೆ ಹತ್ತಿಸೋದು ಆಗದ ಮಾತು. ನಾವು ಹಿರಿಯರಿಗೆ ಹಿಂದಿನ ತಗ್ಗು ಮಂಚ ಕೊಟ್ಟು ಮೇಲೆ ಮಲಗಿದೆವು. ರಾತ್ರಿ ಎದ್ದಾಗಲೆಲ್ಲ ನನ್ನ ತಲೆ ಸೂರಿಗೆ ಬಡಿದದ್ದು ಬೇರೆ ವಿಷಯ.

ಮೂರನೇದು ಉದ್ದ. ಆರು ಮೀಟರ್ ಅನ್ನೋದು ಲಕ್ಷ್ಮಣರೇಖೆ ಇದ್ದ ಹಾಗೆ. ಅದರೊಳಗಿದ್ದರೆ ದೊಡ್ಡ ಸೇತುವೆಗಳಲ್ಲಿ ಕಾರಿನ ದರ, ದಾಟಿದರೆ ಡೆನ್ಮಾರ್ಕ್-ಸ್ವೀಡನ್ ನಡುವಿನ ಓರೆಸುಂಡ್ ಸೇತುವೆಯಲ್ಲಿ ಸುಮಾರು ಎರಡು ಪಟ್ಟು. ಇಬ್ಬರು-ಮೂವರಾದರೆ 5.99 ಮೀಟರಿನ ವ್ಯಾನ್ ತರಹದ ಗಾಡಿ ಸಿಗುತ್ತದೆ. ಅದನ್ನೇ ತಗೊಳ್ಳಿ. ನಾಲ್ಕೈದು ಜನರಾದರೆ ಏಳು ಮೀಟರಿಗೆ ಹೋಗಲೇಬೇಕು.

ಕೊನೆಗೆ ತೂಕ. 3,500 ಕಿಲೋ ಮಿತಿಯಲ್ಲಿ ಗಾಡಿಯೇ ಮೂರು ಸಾವಿರ ಕಿಲೋ ಆಸುಪಾಸು ಇರುತ್ತದೆ. ನೂರು ಲೀಟರ್ ನೀರು ತುಂಬಿದರೆ ನೂರು ಕಿಲೋ ಹೋಯಿತು. ಅದರ ಮೇಲೆ ಐದು ಜನ, ಹತ್ತು ಕಿಲೋ ಸೋನಾ ಮಸೂರಿ, ಕುಕ್ಕರ್, ಅಪ್ಪನ ದಪ್ಪ ಸೂಟ್‌ಕೇಸ್. ಅಕ್ಕಿ ಅಲ್ಲೂ ಸಿಗುತ್ತದೆ. ನೀರನ್ನು ಅರ್ಧ ಟ್ಯಾಂಕ್ ತುಂಬಿಕೊಂಡು ಓಡಿಸಿ.

ಸೇತುವೆ ಮೇಲೆ ಹೋಗೋದಾ, ಹಡಗಾ?

ಮುಖ್ಯವಾಗಿ ನಾಲ್ಕು ದಾರಿ.

ಪೂರ್ತಿ ರಸ್ತೆಯಲ್ಲೇ ಹೋಗಬಹುದು. ಫ್ಲೆನ್ಸ್‌ಬುರ್ಗ್ ದಾಟಿ ಡೆನ್ಮಾರ್ಕ್, ಅಲ್ಲಿ 18 ಕಿಲೋಮೀಟರ್‌ನ ಸ್ಟೋರಬೆಲ್ಟ್ ಸೇತುವೆ, ಕೋಪನ್‌ಹೇಗನ್, ಆಮೇಲೆ ಓರೆಸುಂಡ್. ಹಡಗಿನ ಹೊತ್ತಿಗೆ ಕಾಯಬೇಕಿಲ್ಲ, ಆದರೆ ಎರಡು ಸೇತುವೆಗೂ ದುಡ್ಡು, ಜೊತೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು.

ಎರಡನೇದು ಪುಟ್‌ಗಾರ್ಡನ್‌ನಿಂದ ರೋಡ್‌ಬಿಗೆ ಹಡಗು, 45 ನಿಮಿಷ. ಆಮೇಲೆ ಓರೆಸುಂಡ್ ಸೇತುವೆ, ಇಲ್ಲದಿದ್ದರೆ ಹೆಲ್ಸಿಂಗೋರ್‌ನಿಂದ ಹೆಲ್ಸಿಂಗ್‌ಬೊರ್ಗ್‌ಗೆ 20 ನಿಮಿಷದ ಇನ್ನೊಂದು ಹಡಗು. ಮೊದಲ ಸಲಕ್ಕೆ ಇದೇ ಚೆನ್ನ. ಸುಸ್ತಾಗಲ್ಲ, ಮಕ್ಕಳಿಗೆ ಹಡಗೂ ಆಯಿತು, ಸೇತುವೆಯೂ ಆಯಿತು.

ಮೂರನೇದು ರೊಸ್ಟಾಕ್ ಅಥವಾ ಟ್ರಾವೆಮ್ಯುಂಡೆಯಿಂದ ನೇರ ಸ್ವೀಡನ್ನಿನ ಟ್ರೆಲ್ಲೆಬೊರ್ಗ್‌ಗೆ. ರೊಸ್ಟಾಕ್‌ನಿಂದ ಸುಮಾರು ಆರು ಗಂಟೆ, ಟ್ರಾವೆಮ್ಯುಂಡೆಯಿಂದ ಒಂಬತ್ತು. ರಾತ್ರಿ ಹಡಗು ಹಿಡಿದು ಕ್ಯಾಬಿನ್ನಿನಲ್ಲಿ ಮಲಗಿ ಬೆಳಗ್ಗೆ ಸ್ವೀಡನ್ನಿನಲ್ಲಿ ಇಳಿಯಬಹುದು. ಹಿರಿಯರು ಜೊತೆಗಿದ್ದಾಗ ನಾವು ಮಾಡಿದ್ದು ಇದೇ, ಮತ್ತೆ ಹೋದರೂ ಇದನ್ನೇ ಮಾಡುತ್ತೇವೆ. ನಾಲ್ಕನೇದು ಕೀಲ್‌ನಿಂದ ಯೋತೆಬೊರಿಗೆ ರಾತ್ರಿ ಹಡಗು. ಅದು ಸ್ವೀಡನ್ನಿನ ಪಶ್ಚಿಮ ಕರಾವಳಿಯನ್ನೂ ನೋಡುವವರಿಗೆ.

ಓರೆಸುಂಡ್ ಬಗ್ಗೆ ಒಂದು ಮಾತು. 2000ನೇ ಇಸವಿಯಲ್ಲಿ ತೆರೆದ ಸೇತುವೆ ಅದು, ಸುಮಾರು ಎಂಟು ಕಿಲೋಮೀಟರ್ ಉದ್ದ. ಡೆನ್ಮಾರ್ಕ್ ಕಡೆಯಿಂದ ಹೋದರೆ ಮೊದಲು ಸಮುದ್ರದ ಕೆಳಗೆ ನಾಲ್ಕು ಕಿಲೋಮೀಟರ್ ಸುರಂಗ, ಆಮೇಲೆ ಮನುಷ್ಯರೇ ಕಟ್ಟಿದ ಒಂದು ದ್ವೀಪ, ಅಲ್ಲಿಂದ ಸೇತುವೆ ಮೇಲಕ್ಕೇರುತ್ತದೆ. ಗಾಳಿ ಜೋರಿದ್ದರೆ ಎತ್ತರದ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಫೋಟೋ ಪಕ್ಕದವರು ತೆಗೆಯಲಿ. ಟೋಲ್ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿದರೆ ಸ್ವಲ್ಪ ಉಳಿಯುತ್ತದೆ.

ಹಡಗಿಗೆ ಬುಕ್ ಮಾಡುವಾಗ ಏನು ನೋಡಬೇಕು?

ಉದ್ದ ಸರಿಯಾಗಿ ಹಾಕಿ. ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹತ್ತುವ ಮುಂಚೆ ಗ್ಯಾಸ್ ಸಿಲಿಂಡರಿನ ವಾಲ್ವ್ ಬಂದ್ ಮಾಡಿ. ಹಡಗು ಹೊರಟ ಮೇಲೆ ಗಾಡಿಯೊಳಗೆ ಇರೋಕೆ ಬಿಡಲ್ಲ, ಹಾಗಾಗಿ ಔಷಧಿ, ಸ್ವೆಟರು, ತಿಂಡಿ ಒಂದು ಚೀಲಕ್ಕೆ ಹಾಕಿ ಮೇಲೆ ತಗೊಂಡು ಹೋಗಿ.

ಸ್ವೀಡನ್ನಿನಲ್ಲಿ ಟೋಲ್ ಇದೆಯಾ? ಊರೊಳಗೆ ಹೋದರೆ ತೆರಿಗೆ ಅಂತಾರಲ್ಲ?

ಹೆದ್ದಾರಿಗೆ ಟೋಲ್ ಇಲ್ಲ, ಸ್ಟಿಕ್ಕರ್ ಕೊಳ್ಳುವ ಗೋಜೂ ಇಲ್ಲ. ಆದರೆ ಸ್ಟಾಕ್‌ಹೋಮ್ ನಗರಕ್ಕೆ ಹೋಗುವ-ಬರುವ ಗಾಡಿಗಳಿಗೆ ದಟ್ಟಣೆ ತೆರಿಗೆ ಇದೆ. 2007ರಿಂದ ಕಾಯಂ, 2015ರಿಂದ ಬೇರೆ ದೇಶದ ಗಾಡಿಗಳಿಗೂ. ಗೇಟು, ಬೂತು ಏನೂ ಇರಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಬಿಲ್ಲು ಗಾಡಿಯ ಮಾಲೀಕರಿಗೆ ಹೋಗುತ್ತದೆ. ಬಾಡಿಗೆ ಗಾಡಿಯಾದರೆ ಕಂಪನಿಯವರು ತಮ್ಮ ಶುಲ್ಕ ಸೇರಿಸಿ ನಿಮ್ಮ ಕಾರ್ಡಿನಿಂದ ತೆಗೆದುಕೊಳ್ಳುತ್ತಾರೆ. ತೆರಿಗೆಗಿಂತ ಈ ಶುಲ್ಕವೇ ಜಾಸ್ತಿ ಆಗಬಹುದು, ಒಪ್ಪಂದದಲ್ಲಿ ನೋಡಿಕೊಳ್ಳಿ.

ದಿನಕ್ಕೆ ಗರಿಷ್ಠ 135 ಕ್ರೋನಾ (ಸ್ವೀಡನ್ನಿನ ಹಣ). ಶನಿವಾರ, ಭಾನುವಾರ, ರಾತ್ರಿ ಹೊತ್ತು ಇಲ್ಲ. ಜುಲೈನಲ್ಲಿ ಮೊದಲ ಐದು ಕೆಲಸದ ದಿನ ಬಿಟ್ಟರೆ ಇಡೀ ತಿಂಗಳು ಇಲ್ಲ. ದಕ್ಷಿಣದಿಂದ ಬಂದು ಊರಾಚೆಯೇ ನಿಲ್ಲಿಸಿದರೆ ಈ ಪ್ರಶ್ನೆಯೇ ಏಳಲ್ಲ.

ಸರಿ, ಸ್ಟಾಕ್‌ಹೋಮ್‌ನಲ್ಲಿ ಗಾಡಿ ಎಲ್ಲಿ ನಿಲ್ಲಿಸೋದು?

ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಕ್ಯಾಂಪಿಂಗ್. ನಾವು ಉಳಿದದ್ದು ಬ್ರೆಡೆಂಗ್‌ನಲ್ಲಿ. ನಗರದ ನೈಋತ್ಯಕ್ಕೆ ಹತ್ತು ಕಿಲೋಮೀಟರ್, ಮೆಲಾರೆನ್ ಸರೋವರದ ಹತ್ತಿರ. ಇ4 ಹೆದ್ದಾರಿಯಿಂದ ಇಳಿದರೆ ಸಿಗುತ್ತದೆ. ಬ್ರೆಡೆಂಗ್ ಸ್ಟೇಷನ್ನಿನಿಂದ ಕೆಂಪು ಲೈನು ಹಿಡಿದರೆ ಸುಮಾರು 20 ನಿಮಿಷಕ್ಕೆ ಊರ ನಡುವೆ ಇರುತ್ತೀರಿ. ಬೇಸಿಗೆಯಲ್ಲಿ ಯಾವ ಕ್ಯಾಂಪಿಂಗ್ ಆದರೂ ಮೊದಲೇ ಬುಕ್ ಮಾಡಿ. ಚಳಿಗಾಲದಲ್ಲಿ ಮುಚ್ಚುವವೇ ಹೆಚ್ಚು.

ಸ್ವೀಡನ್ನಿನಲ್ಲಿ ಇನ್ನೊಂದು ಪದ ಕಲಿತಿಡಿ: ಸ್ಟೆಲ್‌ಪ್ಲಾಟ್ಸ್. ಮೋಟರ್‌ಹೋಮ್ ನಿಲ್ಲಿಸೋಕೆ ಅಂತಲೇ ಇರುವ ಜಾಗ. ಕ್ಯಾಂಪಿಂಗಿನಷ್ಟು ಸೌಕರ್ಯ ಇರಲ್ಲ, ದರ ಕಡಿಮೆ. ದೋಣಿ ಬಂದರುಗಳ ಪಕ್ಕ ಇಂಥವು ಬಹಳ. ಬೆಳಗ್ಗೆ ಬಾಗಿಲು ತೆಗೆದರೆ ನೀರು, ಹಾಯಿ ಕಂಬಗಳ ಟಿಕ್ ಟಿಕ್ ಸದ್ದು.

ಊರೊಳಗೆ ಒಂದೆರಡು ಗಂಟೆ ಪಾರ್ಕ್ ಮಾಡಬಹುದಲ್ಲ?

ಸ್ಟಾಕ್‌ಹೋಮ್‌ನಲ್ಲಿ ಪ್ರಯತ್ನಿಸಬೇಡಿ. ಸಣ್ಣ ಊರುಗಳಲ್ಲಿ ಮಾಡಬಹುದು, ಆದರೆ ಬೋರ್ಡ್ ಓದೋಕೆ ಬರಬೇಕು. ಸ್ವೀಡನ್ನಿನ ಪಾರ್ಕಿಂಗ್ ಬೋರ್ಡಿನಲ್ಲಿ ಮೂರು ಸಾಲು ಸಂಖ್ಯೆ ಇರುತ್ತದೆ. ಮಾಮೂಲಿಯಾಗಿ ಬರೆದದ್ದು ಕೆಲಸದ ದಿನಗಳಿಗೆ. ಕಂಸದೊಳಗೆ ಬರೆದದ್ದು ಶನಿವಾರ ಮತ್ತು ಹಬ್ಬದ ಹಿಂದಿನ ದಿನಕ್ಕೆ. ಕೆಂಪಕ್ಷರದ್ದು ಭಾನುವಾರ ಮತ್ತು ಹಬ್ಬಕ್ಕೆ. ನಾನು ಕಂಸ ನೋಡಿ ಇದೇನೋ ಸುಮ್ನೆ ಸೂಚನೆ ಅಂದುಕೊಂಡೆ. ಅವತ್ತು ಶನಿವಾರ. ಐಸ್‌ಕ್ರೀಂ ತಿಂದು ವಾಪಸ್ ಬರುವಷ್ಟರಲ್ಲಿ ವೈಪರ್ ಕೆಳಗೆ ಹಳದಿ ಚೀಟಿ. ಆ ಐಸ್‌ಕ್ರೀಂ ಎಷ್ಟು ದುಬಾರಿ ಆಯಿತು ಅಂತ ಮನೆಯಲ್ಲಿ ಈಗಲೂ ನೆನಪಿಸುತ್ತಾರೆ. ಅಡ್ಡರಸ್ತೆಯಿಂದ ಹತ್ತು ಮೀಟರ್ ಒಳಗೂ ನಿಲ್ಲಿಸುವಂತಿಲ್ಲ. ಉದ್ದದ ಗಾಡಿಯ ಬಾಲ ಅಲ್ಲಿಗೆ ಚಾಚಿಕೊಂಡಿರುತ್ತದೆ, ನೋಡಿಕೊಳ್ಳಿ.

ಮುಚ್ಚಿದ ಪಾರ್ಕಿಂಗ್ ಕಟ್ಟಡಗಳ ಯೋಚನೆ ಬಿಡಿ. ನಿಮ್ಮ ಗಾಡಿ ಮೂರು ಮೀಟರ್ ಎತ್ತರ. ಎತ್ತರ, ಅಗಲ, ಉದ್ದ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿ.

ಸ್ವೀಡನ್ನಿನಲ್ಲಿ ಕಾಡಿನಲ್ಲಿ ಎಲ್ಲಿ ಬೇಕಾದರೂ ಉಳಿಯಬಹುದಂತೆ, ಹೌದಾ?

ಅರ್ಧ ಸತ್ಯ. ಯಾರದೇ ಕಾಡಿನಲ್ಲಿ ನಡೆಯಬಹುದು, ಹಣ್ಣು-ಅಣಬೆ ಕೀಳಬಹುದು, ಒಂದು ರಾತ್ರಿ ಟೆಂಟ್ ಹಾಕಬಹುದು. ಆ ಹಕ್ಕು ಇರುವುದು ನಡೆದು ಬರುವವರಿಗೆ, ಎಂಜಿನ್ ಗಾಡಿಗಲ್ಲ. ರಸ್ತೆ ಬಿಟ್ಟು ನೆಲದ ಮೇಲೆ ಗಾಡಿ ಓಡಿಸುವುದೇ ಕಾನೂನಿಗೆ ವಿರುದ್ಧ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಲ್ಲಿ ಬೇರೆ ಬೋರ್ಡ್ ಇಲ್ಲದಿದ್ದರೆ 24 ಗಂಟೆವರೆಗೆ ನಿಲ್ಲಿಸಬಹುದು. ಹೊರಗೆ ಕುರ್ಚಿ-ಮೇಜು ಹಾಕಿ ಸಂಸಾರ ಹೂಡಬಾರದು ಅಷ್ಟೇ. ಡೆನ್ಮಾರ್ಕ್‌ನಲ್ಲಿ ಇನ್ನೂ ಬಿಗಿ. ಅಲ್ಲಿ ಕ್ಯಾಂಪಿಂಗಿಗೇ ಹೋಗಿ.

ದಾರಿಯಲ್ಲಿ ಎಲ್ಲಿ ನಿಲ್ಲಬೇಕು?

ಹೆಲ್ಸಿಂಗ್‌ಬೊರ್ಗ್‌ನಿಂದ ಸ್ಟಾಕ್‌ಹೋಮ್‌ವರೆಗೆ ಇ4 ಸುಮಾರು 560 ಕಿಲೋಮೀಟರ್. ಮೊದಲ ಅರ್ಧ ಬರೀ ಕಾಡು. ಯೋನ್‌ಶೋಪಿಂಗ್ ದಾಟಿದ ಮೇಲೆ ಎಡಗಡೆ ವೆಟ್ಟರ್ನ್ ಸರೋವರ ಕಾಣುತ್ತದೆ. ಸರೋವರ ಅನ್ನೋಕೆ ನಾಲಿಗೆ ತಡವರಿಸುತ್ತದೆ, ಅಷ್ಟು ದೊಡ್ಡದು. ಅದರ ದಡದಲ್ಲೇ ಗ್ರೆನ್ನಾ ಅನ್ನುವ ಪುಟ್ಟ ಊರು. ಕೆಂಪು-ಬಿಳಿ ಪಟ್ಟಿಯ ಪೆಪ್ಪರ್‌ಮಿಂಟ್ ಕಡ್ಡಿ ಹುಟ್ಟಿದ್ದು ಇಲ್ಲಿ. 1859ರಲ್ಲಿ ಅಮಾಲಿಯಾ ಎರಿಕ್ಸನ್ ಎಂಬ ವಿಧವೆ ಹೊಟ್ಟೆಪಾಡಿಗೆ ಶುರು ಮಾಡಿದ ಮಿಠಾಯಿ ಅದು. ಈಗಲೂ ಅಂಗಡಿಯವರು ನಿಮ್ಮೆದುರೇ ಬಿಸಿ ಸಕ್ಕರೆ ಪಾಕವನ್ನು ಎಳೆದು, ಮಡಚಿ, ಮತ್ತೆ ಎಳೆದು, ಹೊಸೆದು ಕತ್ತರಿಸುತ್ತಾರೆ. ಅಮ್ಮ ಗಾಜಿನಾಚೆ ನಿಂತು ನೋಡಿ, "ಪಾಕ ಇನ್ನೊಂದೆಳೆ ಜಾಸ್ತಿ ಬಂದಿದೆ" ಅಂದರು.

ಗ್ರೆನ್ನಾ ದಾಟಿ ಸ್ವಲ್ಪ ಮುಂದೆ ಬ್ರಾಹೆಹುಸ್. ಹೆದ್ದಾರಿ ವಿಶ್ರಾಂತಿ ತಾಣದ ಪಕ್ಕದಲ್ಲೇ 17ನೇ ಶತಮಾನದ ಪಾಳು ಅರಮನೆ, ಬರಿದಾದ ಕಿಟಕಿಗಳಿಂದ ಕೆಳಗೆ ಇಡೀ ಸರೋವರ. ಟಿಕೆಟ್ಟಿಲ್ಲ.

ಲಿನ್‌ಶೋಪಿಂಗ್ ಹತ್ತಿರ ಬೆರ್ಗ್ ಅನ್ನುವಲ್ಲಿ ಒಂದು ದಿನ ಉಳಿಯಿರಿ ಅಂತ ಒತ್ತಾಯ ಮಾಡುತ್ತೇನೆ. 1832ರಲ್ಲಿ ಪೂರ್ತಿಯಾದ, 190 ಕಿಲೋಮೀಟರ್ ಉದ್ದದ ಯೋತಾ ಕಾಲುವೆ ಇಲ್ಲಿ ಗುಡ್ಡ ಹತ್ತುತ್ತದೆ. ಏಳು ಲಾಕ್‌ಗೇಟ್‌ಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು. ದೋಣಿ ಒಂದು ತೊಟ್ಟಿಯೊಳಗೆ ಬರುತ್ತದೆ, ಹಿಂದಿನ ಗೇಟು ಮುಚ್ಚುತ್ತದೆ, ನೀರು ತುಂಬುತ್ತದೆ, ದೋಣಿ ಮೇಲೇಳುತ್ತದೆ, ಮುಂದಿನ ಗೇಟು ತೆರೆಯುತ್ತದೆ. ಅಪ್ಪ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಸ್ಟಾಕ್‌ಹೋಮ್ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಇಲ್ಲಿ ಮಾತ್ರ ಕುರ್ಚಿ ಹಾಕಿಕೊಂಡು ಮೂರು ಗಂಟೆ ಕೂತರು.

ಗಾಡಿಯಲ್ಲಿ ನಮ್ಮ ಅಡುಗೆ ಮಾಡೋಕೆ ಆಗುತ್ತಾ?

ಧಾರಾಳವಾಗಿ. ಎರಡು ಅಥವಾ ಮೂರು ಬರ್ನರ್ ಇರುತ್ತದೆ. ಮೂರು ಲೀಟರ್ ಕುಕ್ಕರ್ ಸಾಕು. ಕುಕ್ಕರ್ ಕೂಗಿಸುವಾಗ ಸೂರಿನ ಕಿಟಕಿ ತೆರೆದಿಡಿ, ಇಲ್ಲದಿದ್ದರೆ ಗೋಡೆಯೆಲ್ಲ ಬೆವರುತ್ತದೆ. ಒಗ್ಗರಣೆ ಮಾತ್ರ ಗಾಡಿಯೊಳಗೆ ಬೇಡ. ಇಂಗು, ಸಾಸಿವೆ, ಮೆಣಸಿನಕಾಯಿ ಘಾಟು ಪರದೆ, ಹಾಸಿಗೆಗೆಲ್ಲ ಹಿಡಿದುಬಿಡುತ್ತದೆ. ಗಾಡಿ ವಾಪಸ್ ಕೊಡುವಾಗ ವಾಸನೆ ಅಂತ ಕ್ಲೀನಿಂಗ್ ದುಡ್ಡು ಹಿಡಿಯಬಹುದು. ಸ್ವೀಡನ್ನಿನ ಬಹುಪಾಲು ಕ್ಯಾಂಪಿಂಗ್‌ಗಳಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆ ಇರುತ್ತದೆ, ಒಲೆ, ಸಿಂಕ್ ಎಲ್ಲ. ಒಗ್ಗರಣೆ ಅಲ್ಲಿ ಹಾಕಿ. ನಮ್ಮ ಪಕ್ಕ ಸಾಸೇಜ್ ಹುರಿಯುತ್ತಿದ್ದವರು ಬಂದು ಇದೇನು ಅಂತ ಕೇಳಿ ಬಿಸಿಬೇಳೆಬಾತ್ ರುಚಿ ನೋಡಿದರು. ಬದಲಿಗೆ ಒಂದು ಬಟ್ಟಲು ಕಾಡಿನ ಬ್ಲೂಬೆರಿ ಸಿಕ್ಕಿತು.

ಮೊಸರಿಗೆ ಫಿಲ್‌ಮಿಯೋಲ್ಕ್ ಅಂತ ಡಬ್ಬಿಯಲ್ಲಿ ಸಿಗುತ್ತದೆ. ನಮ್ಮ ಮೊಸರಿಗಿಂತ ಸ್ವಲ್ಪ ತೆಳು, ಹುಳಿ ಹದವಾಗಿದೆ. ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೊರಗೆ ತಿನ್ನುವುದಾದರೆ ಮಧ್ಯಾಹ್ನ ತಿನ್ನಿ. ಕೆಲಸದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ ಹೋಟೆಲುಗಳಲ್ಲಿ ದಿನದ ಊಟ ಅಂತ ಕಡಿಮೆ ದರದಲ್ಲಿ ಕೊಡುತ್ತಾರೆ. ರಾತ್ರಿ ಅದೇ ಜಾಗದಲ್ಲಿ ಬಿಲ್ಲು ನೋಡಿದರೆ ತಿಂದದ್ದು ಇಳಿಯಲ್ಲ.

ಓಡಿಸೋಕೆ ಮುಂಚೆ ಪ್ರತಿಯೊಂದು ಕಪಾಟಿನ ಚಿಲಕ ನೋಡಿ. ನಾವು ಮೊದಲ ದಿನ ಮೊದಲ ವೃತ್ತದಲ್ಲಿ ತಿರುಗಿದಾಗಲೇ ಮೇಲಿನ ಕಪಾಟು ತೆರೆದು ಸಾರಿನ ಪುಡಿ ಡಬ್ಬ ಬಿತ್ತು. ಮುಚ್ಚಳ ಹಾರಿಹೋಗಿ, ನೆಲ, ಸೀಟು, ಮಗಳ ತಲೆ, ಎಲ್ಲ ಕೆಂಪು. ಎರಡು ವಾರ ಹೀಟರ್ ಹಾಕಿದಾಗಲೆಲ್ಲ ಸಾರಿನ ಪರಿಮಳ.

ಗ್ಯಾಸ್ ಮುಗಿದರೆ?

ಜರ್ಮನಿಯ 11 ಕಿಲೋ ಸಿಲಿಂಡರ್ ಸ್ವೀಡನ್ನಿನಲ್ಲಿ ಸಾಮಾನ್ಯವಾಗಿ ಬದಲಾಯಿಸಿ ಕೊಡಲ್ಲ. ಅಲ್ಲಿನದು ಬೇರೆ ಮಾದರಿ. ಹೊರಡುವಾಗಲೇ ಎರಡೂ ತುಂಬಿರಲಿ. ಬೇಸಿಗೆಯಲ್ಲಿ ಅಡುಗೆಗೆ, ಫ್ರಿಜ್ಜಿಗೆ ಎರಡು ಸಿಲಿಂಡರ್ ಎರಡು ವಾರಕ್ಕೆ ಆರಾಮಾಗಿ ಸಾಕು.

ಕರೆಂಟು?

ಕ್ಯಾಂಪಿಂಗಿನ ಕಂಬದಲ್ಲಿ ನೀಲಿ ಪ್ಲಗ್. ಸಾಮಾನ್ಯವಾಗಿ 10 ಆಂಪಿಯರ್, ಅಂದರೆ 2,300 ವ್ಯಾಟ್. ಕೆಟಲ್ ಮತ್ತು ಇಂಡಕ್ಷನ್ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಕೆಲವು ಕಡೆ ಆ ಕಂಬಕ್ಕೆ ಬೀಗ, ಆಫೀಸಿನವರು ಬೆಳಗ್ಗೆಯೇ ಬರೋದು. ಒಂದು ಸಲಕ್ಕೆ ಒಂದೇ ಹಾಕಿ.

ಟಾಯ್ಲೆಟ್ ವಿಷಯ ಕೇಳೋಕೆ ಮುಜುಗರ, ಆದರೂ...

ಎಲ್ಲರೂ ಕೊನೆಗೆ ಇದನ್ನೇ ಮೆಲ್ಲಗೆ ಕೇಳುತ್ತಾರೆ. ಕಮೋಡಿನ ಕೆಳಗೆ ಸುಮಾರು 18-20 ಲೀಟರಿನ ಪೆಟ್ಟಿಗೆ ಇರುತ್ತದೆ. ಹೊರಗಿನ ಬಾಗಿಲಿಂದ ಎಳೆದು, ಸೂಟ್‌ಕೇಸ್ ಹಾಗೆ ಉರುಳಿಸಿಕೊಂಡು ಹೋಗಿ, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು, ತೊಳೆದು, ಔಷಧಿ ಹಾಕಿ ವಾಪಸ್ ಇಡಬೇಕು. ನಾಲ್ಕು ಜನಕ್ಕೆ ಎರಡು ದಿನ ಬರುತ್ತದೆ ಅಂತಾರೆ. ನಾವು ನೀರು ಬಳಸುವವರು, ಹಾಗಾಗಿ ಒಂದೇ ದಿನಕ್ಕೆ ತುಂಬುತ್ತದೆ. ಕ್ಯಾಂಪಿಂಗಿನ ಶೌಚಾಲಯಗಳು ಸ್ವಚ್ಛವಾಗಿರುತ್ತವೆ, ಹಗಲು ಅಲ್ಲಿಗೇ ಹೋಗಿ. ಚಿಕ್ಕ ಮಗ್ ಒಂದು ಚೀಲದಲ್ಲಿರಲಿ. ಗಾಡಿಯದು ರಾತ್ರಿಗೆ, ಹಿರಿಯರಿಗೆ. ಪೆಟ್ಟಿಗೆ ಖಾಲಿ ಮಾಡುವುದು ಯಾರ ಕೆಲಸ ಅಂತ ಹೊರಡುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಮಾಡಿದರೆ ಜಗಳ.

ಎಷ್ಟು ದುಡ್ಡು ಬದಲಾಯಿಸಿಕೊಳ್ಳಬೇಕು?

ಒಂದು ಪೈಸೆಯೂ ಬೇಡ. ಸ್ವೀಡನ್ನಿನಲ್ಲಿ ಎಷ್ಟೋ ಅಂಗಡಿಗಳು ನೋಟನ್ನೇ ಮುಟ್ಟಲ್ಲ. ಕಾರ್ಡ್ ಸಾಕು, ಆದರೆ ಅದರ ಪಿನ್ ನೆನಪಿರಲಿ. ಆಳಿಲ್ಲದ ಪೆಟ್ರೋಲ್ ಬಂಕ್‌ಗಳು ಪಿನ್ ಕೇಳುತ್ತವೆ. ಅಲ್ಲಿನವರು ದುಡ್ಡು ಕೊಡೋಕೆ ಫೋನಿನಲ್ಲಿ ಸ್ವಿಶ್ ಅನ್ನೋ ಆ್ಯಪ್ ಬಳಸುತ್ತಾರೆ, ಅದಕ್ಕೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕು, ನಮಗಲ್ಲ.

ಒಟ್ಟು ಖರ್ಚು?

ದೊಡ್ಡದು ಬಾಡಿಗೆ. ಜುಲೈ-ಆಗಸ್ಟ್‌ನಲ್ಲಿ ಅದೇ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ. ಡೀಸೆಲ್ ಲೆಕ್ಕ ಸುಲಭ: ನೂರು ಕಿಲೋಮೀಟರಿಗೆ 11 ಲೀಟರ್ ಹಿಡಿಯಿರಿ. ಹೋಗಿ ಬಂದು, ಅಲ್ಲಿ ಇಲ್ಲಿ ಸುತ್ತಿದ್ದು ಸೇರಿ 2,300 ಕಿಲೋಮೀಟರ್ ಆದರೆ 250 ಲೀಟರ್. ಇಬ್ಬರೇ ಹೋಗುವುದಾದರೆ ಕಾರು ಮತ್ತು ಕ್ಯಾಂಪಿಂಗಿನ ಮರದ ಗುಡಿಸಲು ಇದಕ್ಕಿಂತ ಅಗ್ಗ. ಐದು ಜನಕ್ಕೆ ಮೋಟರ್‌ಹೋಮ್ ಲೆಕ್ಕ ಸರಿಹೋಗುತ್ತದೆ.

ಓಡಿಸುವಾಗ ಹುಷಾರಾಗಿರಬೇಕಾದ್ದು?

ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು, ಡೆನ್ಮಾರ್ಕ್‌ನಲ್ಲೂ ಸ್ವೀಡನ್ನಿನಲ್ಲೂ. ಸ್ವೀಡನ್ನಿನಲ್ಲಿ ರಕ್ತದಲ್ಲಿ ಮದ್ಯದ ಮಿತಿ 0.2 ಪ್ರಾಮಿಲ್ (ಸಾವಿರಕ್ಕೆ 0.2 ಪಾಲು), ಅಂದರೆ ಓಡಿಸುವವರಿಗೆ ಒಂದು ಬಿಯರೂ ಬೇಡ.

ಕೆಂಪು ಅಂಚಿನ ಹಳದಿ ತ್ರಿಕೋನದಲ್ಲಿ ಕೊಂಬಿನ ಪ್ರಾಣಿ ಕಂಡರೆ ಅದು ಸುಮ್ನೆ ಅಲಂಕಾರಕ್ಕೆ ಅಲ್ಲ. ಮೂಸ್ ನಮ್ಮ ಕಡವೆಗಿಂತ ತುಂಬಾ ದೊಡ್ಡದು, ಕಾಲು ಉದ್ದ. ಗುದ್ದಿದರೆ ಅದರ ದೇಹ ನೇರ ಮುಂಭಾಗದ ಗಾಜಿಗೇ ಬರುತ್ತದೆ. ಮುಂಜಾನೆ, ಸಂಜೆ ಕಾಡುದಾರಿಯಲ್ಲಿ ನಿಧಾನ. ಒಂದು ದಾಟಿದರೆ ಹಿಂದೆ ಮರಿ ಇರಬಹುದು, ಕಾಯಿರಿ. ಗುದ್ದಿದರೆ 112ಕ್ಕೆ ಫೋನ್ ಮಾಡಿ ಜಾಗ ಗುರುತು ಮಾಡಬೇಕು. ಹಾಗೇ ಹೋಗುವಂತಿಲ್ಲ, ಅದು ಕಾನೂನು.

ಸೊಳ್ಳೆ, ಹುಳ-ಹುಪ್ಪಟೆ?

ಸೊಳ್ಳೆ ಇದೆ, ಕಿಟಕಿಗೆ ಜಾಲರಿಯೂ ಇದೆ. ನಾನು ಹೆದರೋದು ಉಣುಗಿಗೆ. ಸ್ಟಾಕ್‌ಹೋಮ್ ಸುತ್ತಲಿನ ದ್ವೀಪಗಳು, ಮೆಲಾರೆನ್ ದಡ, ಇಲ್ಲೆಲ್ಲ ಉಣುಗಿನಿಂದ ಮೆದುಳು ಜ್ವರ ಹರಡುತ್ತದೆ. ಮಲೆನಾಡಿನವರಿಗೆ ಇದು ಹೊಸದಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಇದೂ ಒಂದೇ ಕುಟುಂಬದವು. ಇಲ್ಲಿನದಕ್ಕೆ ಲಸಿಕೆ ಇದೆ, ಆದರೆ ಮೊದಲೆರಡು ಡೋಸ್ ನಡುವೆ ಒಂದರಿಂದ ಮೂರು ತಿಂಗಳು ಬಿಡಬೇಕು. ಹಾಗಾಗಿ ಚಳಿಗಾಲದಲ್ಲೇ ಡಾಕ್ಟರನ್ನು ಕೇಳಿ. ಹುಲ್ಲಿನಲ್ಲಿ ಆಡಿ ಬಂದ ಮಕ್ಕಳ ಮಂಡಿ ಹಿಂಭಾಗ, ಕಿವಿ ಹಿಂದೆ, ಕಂಕುಳು ದಿನಾ ರಾತ್ರಿ ನೋಡಿ.

ಸ್ಟಾಕ್‌ಹೋಮ್‌ನಲ್ಲಿ ಮೂರು ದಿನ ಏನು ನೋಡೋದು?

ಮೊದಲು ವಾಸಾ ಮ್ಯೂಸಿಯಂ. 1628ರ ಆಗಸ್ಟ್ 10ರಂದು ರಾಜನ ಹೊಸ ಯುದ್ಧನೌಕೆ ವಾಸಾ ಮೊದಲ ಪಯಣಕ್ಕೆ ಹೊರಟು, ಸುಮಾರು 1,300 ಮೀಟರ್ ಹೋಗಿ, ಊರವರ ಕಣ್ಣೆದುರೇ ಮುಳುಗಿತು. ತಳ ಕಿರಿದು, ಮೇಲೆ ಭಾರ. ಗಾಳಿಗೆ ವಾಲಿದಾಗ ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. 333 ವರ್ಷ ತಳದಲ್ಲಿದ್ದು 1961ರಲ್ಲಿ ಮೇಲೆ ಬಂತು. ಇಡೀ ಹಡಗು, ಕಪ್ಪು ಮರದ ಕೆತ್ತನೆ ಸಮೇತ, ಮಂದ ಬೆಳಕಿನಲ್ಲಿ ನಿಂತಿದೆ. 18 ವರ್ಷದವರೆಗೆ ಮಕ್ಕಳಿಗೆ ಉಚಿತ. ನೋಡಿ ಬಂದ ಮೇಲೆ ನಾನು ಗಾಡಿಯ ಮೇಲಿನ ಕಪಾಟಿನ ಅಕ್ಕಿ, ಬೇಳೆಯನ್ನೆಲ್ಲ ಕೆಳಗಿಳಿಸಿದೆ.

ವಾಸಾ ಮ್ಯೂಸಿಯಂ ಇರುವ ದ್ವೀಪದಲ್ಲೇ 1891ರಲ್ಲಿ ಶುರುವಾದ ಸ್ಕಾನ್ಸೆನ್ ಅನ್ನುವ ಬಯಲು ಮ್ಯೂಸಿಯಂ ಇದೆ. ಸ್ವೀಡನ್ನಿನ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಮೂಸ್ ಅನ್ನು ರಸ್ತೆಯಲ್ಲಿ ನೋಡುವ ಬದಲು ಇಲ್ಲಿ ನೋಡಿ. ದ್ವೀಪಕ್ಕೆ ಸ್ಲುಸೆನ್‌ನಿಂದ ದೋಣಿ ಹಿಡಿಯಿರಿ, ಮೆಟ್ರೋ ಟಿಕೆಟ್ಟೇ ನಡೆಯುತ್ತದೆ. ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ, ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿದರೆ ಆಯಿತು.

ಗಮ್ಲಾ ಸ್ತಾನ್, ಅಂದರೆ ಹಳೇ ಊರು, ಬೆಳಗ್ಗೆ ಎಂಟಕ್ಕೆ ಹೋದರೆ ನಿಮ್ಮದು, ಹನ್ನೊಂದಕ್ಕೆ ಹೋದರೆ ಹಡಗಿನಲ್ಲಿ ಬಂದ ಪ್ರವಾಸಿಗರದ್ದು. ಮಳೆ ಬಂದ ದಿನ ಮೆಟ್ರೋ ಸ್ಟೇಷನ್ನುಗಳನ್ನೇ ನೋಡಿ. ಟಿ-ಸೆಂಟ್ರಾಲೆನ್‌ನ ನೀಲಿ ಲೈನಿನಲ್ಲಿ ಬಂಡೆ ಕೊರೆದ ಛಾವಣಿ ಮೇಲೆ ನೀಲಿ ಬಳ್ಳಿಗಳ ಚಿತ್ರ. ನಮ್ಮ ಮಗಳಿಗೆ ಇಡೀ ಊರಿನಲ್ಲಿ ನೆನಪಿರುವುದು ಅದೊಂದೇ.

ಗಾಡಿ ವಾಪಸ್ ಕೊಡುವಾಗ?

ಕೊನೆಯ ರಾತ್ರಿ ಮನೆಯಿಂದ ನೂರು ಕಿಲೋಮೀಟರ್ ಒಳಗಿನ ಕ್ಯಾಂಪಿಂಗಿನಲ್ಲಿ ಉಳಿಯಿರಿ. ಅಲ್ಲೇ ಪೆಟ್ಟಿಗೆ ತೊಳೆದು, ಬಳಸಿದ ನೀರು ಬಿಟ್ಟು, ಗುಡಿಸಿ ಒರೆಸಿ. ಡೀಸೆಲ್ ಎಷ್ಟಿತ್ತೋ ಅಷ್ಟು ತುಂಬಿಸಿ. ತಗೊಳ್ಳುವಾಗಲೂ ಕೊಡುವಾಗಲೂ ಸುತ್ತ ವಿಡಿಯೋ ಮಾಡಿ. ಸೂರಿನ ಅಂಚು, ಮೆಟ್ಟಿಲು, ಹೊರಗಿನ ಬಿಸಿಲು ಪರದೆ ಬಿಡಬೇಡಿ. ಮೊದಲ ಸಲ ನಾವು ಪರದೆಯ ವಿಡಿಯೋ ಮಾಡಿರಲಿಲ್ಲ. ಮೊದಲೇ ಇದ್ದ ಹರಿದ ಅಂಚಿಗೆ ಠೇವಣಿಯಿಂದ ಒಂದಷ್ಟು ಯುರೋ ಹೋಯಿತು, ಎಷ್ಟು ವಾದ ಮಾಡಿದರೂ ಬರಲಿಲ್ಲ. ಎರಡನೇ ಸಲ ಅಪ್ಪ ಕನ್ನಡಕ ಹಾಕಿಕೊಂಡು ಗಾಡಿ ಸುತ್ತ ಎರಡು ಸುತ್ತು ಬಂದು, ಒಂದೊಂದು ಗೀರನ್ನೂ ತಮ್ಮ ಡೈರಿಯಲ್ಲಿ ನಂಬರ್ ಹಾಕಿ ಬರೆದುಕೊಂಡು, ಅಲ್ಲಿನ ಹುಡುಗನ ಕೈಯಲ್ಲಿ ಸಹಿ ಹಾಕಿಸಿದರು. ಠೇವಣಿ ಪೂರ್ತಿ ವಾಪಸ್ ಬಂತು.